ಗೋಡೆಯೊಳಗೆ ಒಂದು ಮೊಳ

ಗುತ್ಯಪ್ಪನಲ್ಲಿ ನಾನು ಮೊದಲು ನೋಡಿದ್ದು ಅವನ ಬೆನ್ನು. ನಮ್ಮ ಬಚ್ಚಲುಮನೆಯ ಗೋಡೆಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತು ಉಳಿ ಸುತ್ತಿಗೆಯಿಂದ ಕುಟ್ಟುತ್ತಿದ್ದ. ಹೆಗಲ ಮೇಲೆ ಮಡಿಸಿದ ಕಂಬಳಿ. ಕಂಬಳಿಯ ಮಡಿಕೆಯಲ್ಲಿ ಸಿಕ್ಕಿಸಿದ ಒಂದು ಬಿದಿರಿನ ದಬ್ಬೆ. ಎರಡು ಬೆರಳಗಲದ ಆ ದಬ್ಬೆ ಹಿಡಿದೂ ಹಿಡಿದೂ ಎಣ್ಣೆ ಸವರಿದಂತೆ ನುಣುಪಾಗಿತ್ತು. ಆಗ ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನನ್ನ ಜೀವವೆಲ್ಲ ಅವನು ಕೊರೆಯುತ್ತಿದ್ದ ತೂತಿನ ಮೇಲಿತ್ತು. ಹಿತ್ತಲ ಕಡೆಗೆ ತೆರೆಯುವ ತೂತು. ಹಿತ್ತಲಲ್ಲಿ ಕೆಸುವಿನ ಪೊದೆ. ಕೆಸುವಿನ ಬುಡದಲ್ಲಿ ಏನೇನಿರುತ್ತದೋ.

"ಇದರೊಳಗಿಂದ ಹಾವು ಬಂದರೆ ಏನಪ್ಪ ಗತಿ?" ಎಂದೆ.

ಅವನು ತಿರುಗಿ ನನ್ನನ್ನೂ ನನ್ನ ಸೊಂಟದ ಮೇಲಿದ್ದ ಮಗುವನ್ನೂ ನೋಡಿದ. ನೋಡಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. "ಹಾವಿಗೆ ಬಾಗ್ಲೇ ತೆರ್ದೈತಲ್ರಿ ಅಮ್ಮಾರೆ, ತೂತು ಎಂತಕ್ಕೆ?" ಎಂದು ಮತ್ತೆ ಗೋಡೆಗೆ ತಿರುಗಿದ.

ಅಂದಿನಿಂದ ನನಗೆ ಬಾಗಿಲ ಚಿಂತೆಯೂ ಸೇರಿಕೊಂಡಿತು.

ಅದು ಐವತ್ತೆಂಟನೆಯ ಇಸವಿ. ನಮ್ಮ ಯಜಮಾನರು ಲೋಕೋಪಯೋಗಿ ಇಲಾಖೆಯಲ್ಲಿ ಓವರ್ಸಿಯರ್. ವರ್ಗವಾಗಿ ಸೊರಬಕ್ಕೆ ಬಂದು ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ್ದೆವು. ನಾನು ಮೈಸೂರಿನಲ್ಲಿ ಓದಿ ಬೆಳೆದವಳು, ನಲ್ಲಿ ತಿರುವಿದರೆ ನೀರು ಬರುವ ಮನೆಯವಳು. ಮಗಳು ನೀಲಾಂಬಿಕೆಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ. ಅವಳನ್ನೆತ್ತಿಕೊಂಡು ಆ ಬಚ್ಚಲಿನ ಪಾಚಿಗಲ್ಲಿನ ಮೇಲೆ ಕಾಲಿಟ್ಟಾಗಲೆಲ್ಲ ನನಗೆ ಕಾಣುತ್ತಿದ್ದುದು ಒಂದೇ: ನಾನು ಜಾರಿದೆ, ಮಗು ಕೈಬಿಟ್ಟಿತು. ಇದನ್ನೇ ನಾಲ್ಕು ಬಾರಿ ಬರೆದದ್ದಕ್ಕೆ ನಮ್ಮಪ್ಪ ಒಂದು ಪಿಂಗಾಣಿ ವಾಷ್ ಬೇಸಿನ್ ಕೊಂಡು, ಹುಲ್ಲಿನಲ್ಲಿ ಸುತ್ತಿ, ರೈಲಿಗೆ ಹಾಕಿ ಕಳಿಸಿದರು. ಸಾಗರದವರೆಗೆ ರೈಲು, ಅಲ್ಲಿಂದ ಬಸ್ಸಿನ ತಲೆಯ ಮೇಲೆ ಸವಾರಿ. ನಿಂತೇ ಮಗುವಿನ ಮೈ ತೊಳೆಯಬಹುದು, ಜಾರುವ ಭಯವಿಲ್ಲ ಎಂದು.

ನೀರು ಎಲ್ಲಿಂದ? ಇವರು ಗೋಡೆಯ ಮೇಲೆ ಒಂದು ತಗಡಿನ ಡ್ರಮ್ಮು ಕೂರಿಸಿ ಅದಕ್ಕೊಂದು ನಲ್ಲಿ ಹಾಕಿಸಿದರು. ಮೊಮ್ಮಗಳ ಆರೈಕೆಗೆಂದು ಶಿಕಾರಿಪುರದಿಂದ ಬಂದಿದ್ದ ನಮ್ಮತ್ತೆ ರಾಜೇಶ್ವರಮ್ಮನವರಿಗೆ ಇದು ದಿನವೂ ನಗೆಯ ಸರಕು. "ಬಾವಿಯಿಂದ ಸೇದಾದು, ಏಣಿ ಹತ್ತಿ ಡ್ರಮ್ಮಿಗೆ ಹುಯ್ಯಾದು, ಅದು ನಲ್ಲಿಯಾಗೆ ಬರಾದು ಕಾಯಾದು. ಇದ್ರ ಬದ್ಲು ಚೊಂಬಿನಾಗೆ ಹುಯ್ಕಂಡ್ರೆ ನೀರು ಮುನಿಸ್ಕಂತಾವೇನವ್ವ?" ಎನ್ನುತ್ತಿದ್ದರು.

ಗುತ್ಯಪ್ಪ ಉಳವಿ ಕಡೆಯವನು. ಹಿಂದಿನಿಂದಲೂ ಕುರಿ ಸಾಕುವ ಮನೆತನ. ಇವನೊಬ್ಬ ಮಾತ್ರ ಚಿಕ್ಕಂದಿನಲ್ಲಿ ಕುರಿ ಬಿಟ್ಟು ಗಾರೆ ಕೆಲಸ ಹಿಡಿದವನು. ಬಾವಿಕಟ್ಟೆ, ಒಲೆ, ಬಚ್ಚಲು, ಕಾಲುವೆಯ ತೂಬು, ಇಂಥವುಗಳಲ್ಲಿ ಅವನ ಹೆಸರು ಸುತ್ತಲ ಊರುಗಳಲ್ಲಿ ನಡೆಯುತ್ತಿತ್ತು. ಆದರೆ ಒಂದೆರಡು ವರ್ಷದಿಂದ ನೀರಿನ ಕೆಲಸವನ್ನೇ ಮುಟ್ಟದೆ ಬೇಲಿಗೋಡೆ ಕಟ್ಟಿಕೊಂಡಿದ್ದನಂತೆ. ಶಿಕಾರಿಪುರದಲ್ಲಿ ನಲ್ಲಿ ನೀರಿನ ಕೊಳವೆ ಹಾಕುವ ಕೆಲಸ ಶುರುವಾಗುವುದರಲ್ಲಿತ್ತು. ಖಾಯಂ ಕೆಲಸಗಾರರು ಬೇಕಾಗಿದ್ದರು. ಅದಕ್ಕೆ ಅವನ ಹೆಂಡತಿ ತಾಯಮ್ಮನೇ ಹಟ ಹಿಡಿದು ಅವನನ್ನು ಇವರ ಹತ್ತಿರ ಕಳಿಸಿದ್ದಳು. ಇವರು, "ಮೊದಲು ನಮ್ಮನೆ ಬೇಸಿನ್ ಕೂರಿಸಿ ತೋರಿಸು. ಒಂದು ಹನಿ ಸೋರದೆ ನೀರು ಹೋದರೆ ನಾನೇ ನಿನ್ನ ಹೆಸರು ಹೇಳ್ತೀನಿ" ಎಂದಿದ್ದರು. ಹೀಗೆ ನನ್ನ ಮಗುವಿನ ಮೈ ತೊಳೆಯುವ ಬಾನಿ ಅವನ ಪರೀಕ್ಷೆಯಾಯಿತು.

ಕೆಲಸ ಎರಡು ಪಾಲಾಗಿತ್ತು. ಗೋಡೆಯಲ್ಲಿ ತೂತು ಕೊರೆದು ಕೊಳವೆ ಹೂತು ಗಾರೆ ಮಾಡುವುದು ಗುತ್ಯಪ್ಪನದು. ಬೇಸಿನ್ನಿಗೆ ಕಬ್ಬಿಣದ ಕೈ ಜಡಿಯುವುದನ್ನು ಇವರು ತಾವೇ ನಿಂತು ಮಾಡಿಸುವುದಾಗಿತ್ತು. "ಮೂಲೆಯಿಂದ ಮೂರು ಅಡಿ, ನೆಲದಿಂದ ಒಂದೂವರೆ ಅಡಿ" ಎಂದು ಹೇಳಿ ಇವರು ರಸ್ತೆ ಕೆಲಸಕ್ಕೆ ಹೊರಟುಹೋದರು. ಮೂರು ಅಡಿ ಎಂದರೆ ಎರಡು ಮೊಳ, ಒಂದೂವರೆ ಅಡಿ ಎಂದರೆ ಒಂದು ಮೊಳ. ಅದು ಎಲ್ಲರಿಗೂ ಗೊತ್ತಿರುವುದೇ. ಗುತ್ಯಪ್ಪ ದಬ್ಬೆ ಇಟ್ಟು ಅಳೆದ, ಕೊರೆದ, ಕೊಳವೆ ಹೂತ, ಗಾರೆ ಬಳಿದ. ಗಾರೆ ಗಟ್ಟಿಯಾದ ಮೇಲೆ ಇವರು ಟೇಪು ಹಿಡಿದು ಬೇಸಿನ್ ಕೂರಿಸಿದರು.

ಕೂರಿಸಿ ನೋಡಿದರೆ ಬೇಸಿನ್ನಿನ ಕೆಳಗೆ ಆನೆಯ ಸೊಂಡಿಲಿನಂತೆ ಬಾಗಿದ ಕೊಳವೆ ಒಂದು ಕಡೆ, ಗೋಡೆಯ ಕೊಳವೆಯ ಬಾಯಿ ಇನ್ನೊಂದು ಕಡೆ. ನಾಲ್ಕು ಬೆರಳು ಈಚೆಗೆ, ಎರಡು ಬೆರಳು ಕೆಳಗೆ. ಜಗಳವಾಡಿದ ಓರಗಿತ್ತಿಯರ ಹಾಗೆ ಒಂದು ಇನ್ನೊಂದರ ಮುಖ ನೋಡುತ್ತಿರಲಿಲ್ಲ.

"ಏನೋ ಇದು ಗುತ್ಯಪ್ಪ?" ಎಂದರು ಇವರು.

ಗುತ್ಯಪ್ಪ ಕೂತ, ಎದ್ದ, ಮತ್ತೆ ಕೂತ. ದಬ್ಬೆ ತೆಗೆದು ಮೂಲೆಯಿಂದ ಅಳೆದ. ಅವನ ಅಳತೆಗೆ ಸರಿಯಾಗಿಯೇ ಇತ್ತು. ಇವರ ಟೇಪಿಗೂ ಇವರ ಕೆಲಸ ಸರಿಯಾಗಿಯೇ ಇತ್ತು. ಅವನು ದಬ್ಬೆಯನ್ನು ಕಂಬಳಿಯೊಳಕ್ಕೆ ಸರಕ್ಕನೆ ಸೇರಿಸಿ, "ನಂದೇ ತಪ್ಪು ಸ್ವಾಮಿ" ಎಂದ. ಹೇಗೆ ತಪ್ಪಿತೆಂದು ಕೇಳಿದರೆ ಬಾಯಿ ಬಿಡಲಿಲ್ಲ.

ಮರುದಿನ ಸೈಕಲ್ಲಿನ ಟ್ಯೂಬು ತಂದು ಎರಡು ಕೊಳವೆಗಳ ನಡುವೆ ಓರೆಯಾಗಿ ಏರಿಸಿ, ಸೆಣಬಿನ ನಾರು ಸುತ್ತಿ, ಸಂದಿ ಮುಚ್ಚುವ ಬಿಳಿ ಸಫೇದ ಬಳಿದು ಬಿಗಿದ. ಅತ್ತೆ ಒಂದು ಚೊಂಬು ನೀರು ಹುಯ್ದರು. ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಟ್ಯೂಬು ಹೊಟ್ಟೆ ಉಬ್ಬಿಸಿ ಕಳಚಿಕೊಂಡು ಅಷ್ಟೂ ನೀರನ್ನು ಗುತ್ಯಪ್ಪನ ಮಡಿಲಿಗೇ ಕೊಟ್ಟಿತು.

"ನಿನ್ನ ಬಾನಿ ಹಸುಗೂಸಿಗಿಂತ ಕಡೆ ಕಣಪ್ಪ" ಎಂದು ಅತ್ತೆ ನಕ್ಕರು. ಇವರು ನಗಲಿಲ್ಲ. "ಮನೆಯೊಳಗಿನ ಒಂದು ತೂತು ನೇರ ಬರದವನು ಊರಿಗೆಲ್ಲ ಕೊಳವೆ ಹಾಕ್ತಾನಾ? ನಾನು ಯಾವ ಮುಖ ಇಟ್ಕೊಂಡು ಇವನ ಹೆಸರು ಹೇಳಲಿ?" ಎಂದು ಟೋಪಿ ಹಾಕಿಕೊಂಡು ಹೊರಟರು. ಗುತ್ಯಪ್ಪ ಒದ್ದೆ ಪಂಚೆಯಲ್ಲೇ ಸಾಮಾನು ಕಟ್ಟಿಕೊಂಡು ಹೋದ. ತೂತಿನ ಬಾಯಿ ತೆರೆದೇ ಇತ್ತು. ನಾನು ನೀಲಳ ಹಳೆಯ ಲಂಗೋಟಿಗಳನ್ನೆಲ್ಲ ಉಂಡೆ ಮಾಡಿ ಅದಕ್ಕೆ ತುರುಕಿದೆ.

ಸಂತೆಯ ದಿನ ತಾಯಮ್ಮ ಬಂದಳು. ಮುಂಬಾಗಿಲಿಗಲ್ಲ, ಹಿತ್ತಲಿಗೆ. ಒಣಗಿದ ಮೈಯ, ಎತ್ತರದ ಹೆಂಗಸು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ನಾನು ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಳು.

"ಅಮ್ಮಾರೆ, ಅವ್ರ ಕೈ ಕೆಟ್ಟಿಲ್ರಿ. ಕೋಲು ತಪ್ಪೈತಿ."

"ಯಾವ ಕೋಲು?"

"ನಮ್ಮನೇರು ನೀರಿನ ಕೆಲ್ಸಕ್ಕೆ ಗಂಡಸ್ರ ಮೊಳ ಹಿಡಿಯಲ್ರಿ. ಒಲೆ ಇರ್ಲಿ, ಬಚ್ಚಲು ಇರ್ಲಿ, ಅಲ್ಲಿ ಬಗ್ಗೋರು ನಾವಲ್ವಾ? ಅದ್ಕೆ ಆ ಮನೆ ಹೆಂಗ್ಸಿನ ಮೊಣಕೈಯಿಂದ ನಡುಬೆರಳಿನ ತುದೀವರ್ಗೂ ಒಂದು ದಬ್ಬೆ ಕಡೀತಾರೆ. ಕೆಲ್ಸ ಮುಗೀತು ಅಂದ್ರೆ ಆ ದಬ್ಬೆನ ಅದೇ ಮನೆ ಒಲೀಗೆ ಹಾಕ್ತಾರೆ. ಒಬ್ರ ಕೈ ಇನ್ನೊಬ್ರ ಮನೀಗೆ ಹೋಗ್ಬಾರ್ದು ಅಂತ."

"ನನ್ನ ಕೈ ಅಳೆಯಲೇ ಇಲ್ಲವಲ್ಲ."

"ಹೆಂಗೆ ಅಳೀತಾರ್ರಿ? ಓವರ್ಸೇರ್ ಮನೆ ಅಮ್ಮಾರು, ಮೈಸೂರೋರು. ಕೈ ನೀಡ್ರಿ ಅನ್ನಾಕೆ ಬಾಯಿ ಬರ್ಲಿಲ್ಲಂತೆ. ಕೆಲ್ಸಕ್ಕೆ ಬರ್ವಾಗ ದೂರದಿಂದ್ಲೇ ಕಂಡ್ರಂತೆ, ಮಗೂನ ಸೊಂಟಕ್ಕೆ ಹಾಕ್ಕಂಡು ನಿಂತಿದ್ರಂತೆ ನೀವು. ಥೇಟು ನಮ್ಮ ಚೌಡಿ ನಿಂತಂಗೆ ಕಾಣ್ತಂತೆ. ಅವ್ಳ ಮೊಳನೇ ಸಾಕು ಅಂದ್ಕಂಡು ಅವ್ಳ ದಬ್ಬೆನೇ ಹಿಡಿದ್ರು." ಮಜ್ಜಿಗೆಯ ಲೋಟವನ್ನು ಕೈಯಲ್ಲೇ ತಿರುಗಿಸುತ್ತ, "ಈಗ ಅವ್ರಿಗೆ ಎಲ್ಲಾ ಹೆಣ್ಮಕ್ಳೂ ಚೌಡಿ ಹಂಗೇ ಕಾಣ್ತಾರೆ ಬಿಡ್ರಿ. ನೀವು ಅವ್ಳಿಗಿಂತ ಒಂದು ತಲೆ ಎತ್ರ ಇದೀರಿ" ಎಂದಳು.

ಚೌಡಿ ಎಂದರೆ ಚೌಡೇಶ್ವರಿ, ಅವರ ಒಬ್ಬಳೇ ಮಗಳು. ಗಿಡ್ಡ ಹುಡುಗಿಯಂತೆ, ಬಾಯಿ ಮಾತ್ರ ಉದ್ದ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಗುತ್ಯಪ್ಪ ಮಗಳ ಬಾಣಂತನಕ್ಕೆಂದು ಬೇರೆ ಬಚ್ಚಲು ಕಟ್ಟಲು ಹೊರಟ. ಚಂದ್ರಗುತ್ತಿಯ ಕಡೆಯಿಂದ ಗಾಡಿಯಲ್ಲಿ ಅಗಲವಾದ ಚಪ್ಪಡಿ ತಂದ. ಮಗಳನ್ನು ಜಗಲಿಯ ಮೇಲೆ ಕೂರಿಸಿ ಕೈ ನೀಡಿಸಿ ದಬ್ಬೆ ಕಡಿದ. "ಅಪ್ಪಾ, ಊರೋರ ಮನೀಗೆಲ್ಲಾ ಕಟ್ಟಿ ಈಗ ನೆನಪಾತಾ ನಿಂಗೆ ಮಗ್ಳು?" ಎಂದು ಅವಳು ಅಣಕಿಸಿದ್ದಳಂತೆ. ಚಪ್ಪಡಿ ಹಾಸಿದ್ದಾಯಿತು, ಗೋಡೆ ಮೊಣಕಾಲೆತ್ತರ ಎದ್ದಿತ್ತು, ಅಷ್ಟರಲ್ಲಿ ದಿನ ತುಂಬುವ ಮೊದಲೇ ನೋವು ಬಂತು. ಕೂಸು ಉಸಿರೇ ಎಳೆಯಲಿಲ್ಲ. ತಾಯಿಗೆ ನಂಜೇರಿ, ಬಾಣಂತಿ ನೀರು ಹಾಕುವ ಮೊದಲೇ ಅವಳೂ ಹೋದಳು.

"ಆ ಕಲ್ಲಿನ ಮೇಲೆ ಒಂದು ಚೊಂಬು ನೀರು ಬಿದ್ದಿಲ್ರಿ. ಕೀಳಾಕೂ ಆಗಲ್ಲ, ಮುಗ್ಸಾಕೂ ಆಗಲ್ಲ. ಹಿತ್ಲಿಗೆ ಹೋದ್ರೆ ಅದೇ, ನೀರಿಗೆ ಹೋದ್ರೆ ಅದೇ. ಸಂಜೆ ಆತು ಅಂದ್ರೆ ನಾನೇ ಹೋಗಿ ಅದ್ರ ಮೇಲೆ ಕೂರ್ತೀನಿ, ಎದ್ದು ಬರಾಕೆ ಆಗಲ್ಲ. ಆ ಮನೆ ಬಿಡ್ಬೇಕ್ರಿ ಅಮ್ಮಾರೆ. ಶಿಕಾರಿಪುರದ ಕೆಲ್ಸ ಸಿಕ್ರೆ ಅಲ್ಲೇ ಒಂದು ಗುಡ್ಲು ಹಾಕ್ಕಂಡು ಇರ್ತೀವಿ. ತಪ್ಪಿಸ್ಬ್ಯಾಡ್ರಿ ಅಂತ ಸ್ವಾಮೇರಿಗೆ ಒಂದು ಮಾತು ಹೇಳ್ರಿ."

ನಾನು ನೀಲಳನ್ನು ಎದೆಗೆ ಒತ್ತಿಕೊಂಡು ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಅವಳ ಮೇಲಿನ ಕನಿಕರಕ್ಕಿಂತ ಮೊದಲು ನನಗಾದದ್ದು ಹೆದರಿಕೆ. ಸತ್ತ ಬಾಣಂತಿಯ ಹಾಗೆ ಕಂಡೆನೇ ನಾನು? ಮಗುವನ್ನೆತ್ತಿಕೊಂಡು?

ಮಧ್ಯಾಹ್ನ ಊಟಕ್ಕೆ ಬಂದ ಇವರಿಗೆ ಎಲ್ಲವನ್ನೂ ಹೇಳಿದೆ. ಇವರು ತುತ್ತು ಕೈಯಲ್ಲೇ ಹಿಡಿದು ಕೇಳಿದರು. "ಮೊದಲೇ ಹೇಳಬಾರದಿತ್ತಾ ಪುಣ್ಯಾತ್ಮ" ಎಂದರು. ಆಮೇಲೆ ಉಂಡು ಕೈ ತೊಳೆಯುವಾಗ, "ಬರಹೇಳು. ಗೋಡೆ ಒಡೆದು ಹೊಸದಾಗೇ ಮಾಡಲಿ. ನಾನೂ ನಿಲ್ತೀನಿ" ಎಂದರು.

ಆ ದಿನ ಇವರು ಟೇಪಿನ ಒಂದು ತುದಿ ಹಿಡಿದರು, ಗುತ್ಯಪ್ಪ ಇನ್ನೊಂದು ತುದಿ ಹಿಡಿದ. "ಅಳತೆ ಅನ್ನೋದು ಯಾರ ಕೈದೂ ಆಗಬಾರದು ಕಣೋ, ಅದಕ್ಕೇ ಇದನ್ನ ಮಾಡಿರೋದು" ಎಂದು ಇವರು ಮೆತ್ತಗೆ ಹೇಳಿದರು. "ಹೌದ್ರಿ ಸ್ವಾಮಿ" ಎಂದ ಅವನು. ಹಳೆಯ ಕೊಳವೆಯನ್ನು ಗಾರೆಯಿಂದ ಬಿಡಿಸಿ ತೆಗೆದ, ಪಕ್ಕದಲ್ಲಿ ಹೊಸ ತೂತು ಕೊರೆದ, ಕೊಳವೆ ಹೂತ. ಗಾರೆ ಆರುವವರೆಗೆ ಯಾರೂ ಬಚ್ಚಲಿಗೆ ಕಾಲಿಡಕೂಡದೆಂದು ಅತ್ತೆ ಬಾಗಿಲಿಗೆ ಒನಕೆ ಅಡ್ಡವಿಟ್ಟರು. ಆರಿದ ಮೇಲೆ ಸೊಂಡಿಲು ತಿರುಗಿಸಿದರೆ ಎರಡು ಬಾಯಿಗಳೂ ಒಂದನ್ನೊಂದು ಕೂಡಿಕೊಂಡವು. ಅತ್ತೆ ಒಂದು ಕೊಡವನ್ನೇ ಬಗ್ಗಿಸಿದರು. ನಾನು ಹಿತ್ತಲಿಗೆ ಓಡಿ ನೋಡಿದೆ: ನೀರು ಸರಸರನೆ ಬಂದು ಕೆಸುವಿನ ಎಲೆಗಳ ಮೇಲೆ ಬೀಳುತ್ತಿತ್ತು.

"ಹೋತು, ಹೋತು!" ಎಂದು ಅತ್ತೆ ಒಳಗಿಂದ ಕೂಗಿದರು. ಇವರು ಬೇಸಿನ್ನಿನ ಕೆಳಗೆ ಅಂಗೈ ಹಿಡಿದು ನೋಡಿದರು; ಅಂಗೈ ಒಣಗಿಯೇ ಇತ್ತು. "ಶಿಕಾರಿಪುರಕ್ಕೆ ಇವತ್ತೇ ಹೇಳಿ ಕಳಿಸ್ತೀನಿ" ಎಂದು ಕೆಲಸಕ್ಕೆ ಹೋದರು.

ಉಳಿದದ್ದು ಹಳೆಯ ತೂತನ್ನು ಮುಚ್ಚುವುದು. ಹಿತ್ತಲ ಕಡೆಯ ಬಾಯಿಯನ್ನು ಅವನು ಆಗಲೇ ಮುಚ್ಚಿ ಬಂದಿದ್ದ. ಮಗುವಿಗೆ ಗಂಜಿ ತಿನ್ನಿಸಿ, ಬಾಯಿ ಒರೆಸಲು ನೀರಿಗೆಂದು ಬಚ್ಚಲ ಬಾಗಿಲಿಗೆ ಬಂದೆ. ಗುತ್ಯಪ್ಪ ನನಗೆ ಬೆನ್ನು ಮಾಡಿ ಕೂತಿದ್ದ. ಕಂಬಳಿಯಿಂದ ದಬ್ಬೆ ತೆಗೆದು ಎರಡೂ ಅಂಗೈಗಳ ಮೇಲೆ ಇಟ್ಟುಕೊಂಡ. ಆಮೇಲೆ, ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ನಿಧಾನವಾಗಿ, ಅದನ್ನು ತೂತಿನೊಳಕ್ಕೆ ಜಾರಿಸಿದ. ಬಾಯಿಗೆ ಕಲ್ಲಿನ ಚಕ್ಕೆ ಇಟ್ಟು ಗಾರೆ ಮೆತ್ತಿದ. ತಿರುಗಿದಾಗ ನನ್ನನ್ನು ಕಂಡ.

ಅವನ ಕಣ್ಣು ಕೆಂಪಾಗಿತ್ತು. "ಇನ್ನು ಇದ್ರಾಗಿಂದ ಯಾವ್ದೂ ಬರಲ್ಲ ಬಿಡ್ರಿ ಅಮ್ಮಾರೆ" ಎಂದ. "ಒಲೀಗೆ ಹಾಕಾಕೆ ಕೈ ಬರ್ಲಿಲ್ಲ."

ಹೊಸ ವರ್ಷಕ್ಕೆ ಮೊದಲೇ ಅವನಿಗೆ ಕೆಲಸವಾಯಿತು. ಗಂಡ ಹೆಂಡತಿ ಮನೆಯಲ್ಲಿದ್ದ ನಾಲ್ಕು ಕುರಿಗಳನ್ನು ಅವನ ತಮ್ಮನಿಗೆ ಒಪ್ಪಿಸಿ, ಉಳವಿಯ ಮನೆಗೆ ಬೀಗ ಹಾಕಿ ಶಿಕಾರಿಪುರಕ್ಕೆ ಹೋದರು.

ನನ್ನ ಪಾಡು ಕೇಳಿ. ನೀಲಳನ್ನು ಬೇಸಿನ್ನಿನಲ್ಲಿ ಕೂರಿಸಿ ಮೈ ತೊಳೆಯುವಾಗಲೆಲ್ಲ ಕಣ್ಣು ಆ ಗಾರೆಯ ತೇಪೆಗೇ ಹೋಗುತ್ತಿತ್ತು. ನನ್ನ ಮಗುವಿಗೂ ಆ ಹುಡುಗಿಯ ಕೈಗೂ ನಡುವೆ ಇರುವುದು ಒಂದು ಬೆರಳು ಸುಣ್ಣ. ಓದಿದವಳು ನಾನು, ಇಂಥದ್ದನ್ನು ನಂಬಬಾರದೆಂದು ಗೊತ್ತು. ಆದರೆ ನೀಲಳಿಗೆ ಹಲ್ಲು ಬರುವಾಗ ಮೈ ಸುಟ್ಟು, ಹಾಲು ಕಕ್ಕತೊಡಗಿದ ದಿನ ಓದು ಎಲ್ಲಿತ್ತೋ. ಅತ್ತೆಯ ಮುಂದೆ ಕೂತು ಎಲ್ಲವನ್ನೂ ಒದರಿಬಿಟ್ಟೆ. ಗೋಡೆ ಒಡೆಸಿ, ಅದನ್ನು ತೆಗೆಸಿಬಿಡಿ ಎಂದು ಕಣ್ಣೀರು ಹಾಕಿದೆ.

ಅತ್ತೆ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಲಿಂಗ ಕಟ್ಟಿದ ಮನ್ಯಾಗೆ ಎಂಥ ಸೂತಕನವ್ವ? ಹುಟ್ಟಿದ್ರೂ ಇಲ್ಲ, ಸತ್ರೂ ಇಲ್ಲ ನಮ್ಗೆ ಅದು. ಹಲ್ಲು ಬರಾ ಕೂಸಿಗೆ ಜ್ವರ ಬರ್ದೆ ನಿಂಗೆ ಬರ್ತತೇನು?" ಎಂದರು. ಬಟ್ಟೆ ಹಿಂಡಿ ಮತ್ತೆ ಹಾಕಿದರು. "ಬಾಣಂತಿ ನೀರು ಕಾಣ್ದೆ ಹೋತು ಅಂದ್ಯಲ್ಲ ಆ ಹುಡುಗಿ. ನಮ್ಮನಿ ನೀರಿನ ಸಪ್ಪಳನಾರ ಕೇಳ್ಲಿ ಬಿಡು. ಮತ್ತೆ ನಿನ್ನ ಗಂಡಗೆ ಹೇಳಿಗೀಳೀಯ. ಅವನು ಟೇಪು ತಗಂಡು ಬರ್ತಾನೆ."

ಹಲ್ಲು ಬಂತು, ಜ್ವರ ಇಳಿಯಿತು. ಹೆದರಿಕೆ ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ಅಂದಿನಿಂದ ಅತ್ತೆ ಬೇಸಿನ್ನಿನ ನಲ್ಲಿಯನ್ನು ಆಡಿಕೊಳ್ಳುವುದನ್ನು ಬಿಟ್ಟರು. ಮಗುವಿನ ಸ್ನಾನ ಮುಗಿದ ಮೇಲೂ ಸ್ವಲ್ಪ ಹೊತ್ತು ನೀರು ಬಿಟ್ಟುಕೊಂಡು ಸುಮ್ಮನೆ ನಿಂತಿರುತ್ತಿದ್ದರು.

ಬೇಸಿಗೆಯಲ್ಲಿ ಒಂದು ದಿನ ಗುತ್ಯಪ್ಪ ಬಂದ. ಖಾಕಿ ಅಂಗಿ, ಜೇಬಿನಲ್ಲಿ ಮಡಚುವ ಟೇಪು. "ಈ ಕಡೆ ಬಂದಿದ್ದೆ ಅಮ್ಮಾರೆ, ಕೊಳವೆ ಎಲ್ಲಾರ ತೊಟ್ಟಿಕ್ತದಾ ನೋಡಾನ ಅಂತ" ಎಂದ. ಒಂದು ಹನಿಯೂ ತೊಟ್ಟಿಕ್ಕುತ್ತಿರಲಿಲ್ಲ. ಬಚ್ಚಲಿಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಹೋಗುವಾಗ, ಕೆಲಸ ಹೇಗಿದೆಯಪ್ಪ ಎಂದು ಕೇಳಿದೆ. "ಟೇಪು ಹಿಡೀತೀನ್ರಿ, ತಪ್ಪಲ್ಲ. ಇಡೀ ಬೀದಿ ಕೊಳವೆ ಹಾಕಿದ್ರೂ ತಪ್ಪಲ್ಲ" ಎಂದ. ಮೆಚ್ಚುಗೆಯ ಮಾತಲ್ಲ ಅದು. ಬಾಗಿಲಲ್ಲಿ ತಿರುಗಿ, "ನಾನು ಬಂದಿದ್ದು ತಾಯಮ್ಮಗೆ ಹೇಳ್ಬ್ಯಾಡ್ರಿ. ಒಲೀಗೆ ಹಾಕ್ದೆ ಅಂತ ಹೇಳೀನಿ ಅವ್ಳಿಗೆ" ಎಂದ.

ತಾಯಮ್ಮ ಬಂದದ್ದು ಅದಾದ ಕೆಲವೇ ವಾರಕ್ಕೆ. ಕುರಿ ನೋಡಲು ಉಳವಿಗೆ ಬಂದಿದ್ದಳಂತೆ. ಈ ಬಾರಿ ಮಜ್ಜಿಗೆ ಕುಡಿದಳು. "ಅಲ್ಲಿ ನಲ್ಲಿ ತಿರುವಿದ್ರೆ ಮನೆ ಮುಂದೇ ನೀರು. ಬಾವಿಕಟ್ಟೇಲಿ ನಾಕು ಜನ ಸಿಗ್ತಿದ್ರು, ಈಗ ಅದೂ ಇಲ್ರಿ" ಎಂದಳು. ಆಮೇಲೆ, ಮಾತಿನ ನಡುವೆ ಸಿಕ್ಕಿಬಿದ್ದದ್ದೆಂಬಂತೆ, "ಆ ದಬ್ಬೆನ ನಿಮ್ಮನೆ ಒಲೀಗೆ ಹಾಕಿದ್ರಂತಲ್ಲ?" ಎಂದು ಕೇಳಿದಳು.

ಹೌದು ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಕಣ್ಣು ಕೇಳಬೇಕಲ್ಲ. ಅದು ಬಚ್ಚಲ ಗೋಡೆಗೆ ಹೋಗಿಬಿಟ್ಟಿತು. ತಾಯಮ್ಮ ನನ್ನ ಕಣ್ಣು ಹೋದ ದಾರಿಯಲ್ಲೇ ಎದ್ದು ಹೋದಳು. ನಾನು ಹಿಂದೆ ಹೋಗಿ ನೋಡಿದಾಗ ಅವಳು ಗಾರೆಯ ತೇಪೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು, ಮಲಗಿದ ಮಗುವಿನ ಎದೆ ಮುಟ್ಟಿ ಉಸಿರು ನೋಡುವ ಹಾಗೆ. "ಆ ಬಚ್ಚಲ ಕಲ್ಲು ಬ್ಯಾಡ ಅಂತ ಓಡಿಹ್ವಾದೆ, ನೋಡ್ರಿ" ಎಂದಳು. ಹೋಗುವಾಗ ಅವಳದೂ ಅದೇ ಮಾತು: "ನಮ್ಮನೇರಿಗೆ ಹೇಳ್ಬ್ಯಾಡ್ರಿ. ಬಚ್ಚಿಟ್ಟೀನಿ ಅಂತ ಅಂದ್ಕಂಡಿರ್ಲಿ."

ಅಲ್ಲಿಂದ ಮುಂದೆ ಅವನು ಒಮ್ಮೆ, ಅವಳು ಒಮ್ಮೆ. ಅವನು ಬಂದಾಗ ನಾನೇ, "ಸ್ವಲ್ಪ ತೊಟ್ಟಿಕ್ಕತ್ತೆ ಕಣಪ್ಪ, ನೋಡು" ಎನ್ನುತ್ತಿದ್ದೆ. ಅವಳು ಬಂದಾಗ ಮಗುವನ್ನು ಅವಳ ಕೈಗೆ ಕೊಟ್ಟು ಅಡಿಗೆಮನೆಗೆ ಹೋಗುತ್ತಿದ್ದೆ. ಮೊದಮೊದಲು ಅಡಿಗೆಮನೆಯಿಂದ ಎರಡೆರಡು ಸಲ ಬಂದು ಇಣುಕುತ್ತಿದ್ದೆ.

ನೀಲ ಓಡಾಡತೊಡಗಿದ ಹೊತ್ತಿಗೆ ಇವರಿಗೆ ಹಿರಿಯೂರಿನ ಕಡೆಗೆ ವರ್ಗವಾಯಿತು. ಬೇಸಿನ್ ಬಿಟ್ಟುಹೋಗಲು ಇವರು ಒಪ್ಪಲಿಲ್ಲ. ಮಾವ ಕಳಿಸಿದ್ದು, ಬಿಚ್ಚಿ ಒಯ್ಯೋಣ ಎಂದರು. ಶಿಕಾರಿಪುರದ ಬಸ್ಸಿನವರ ಕೈಲಿ ಗುತ್ಯಪ್ಪನಿಗೆ ಹೇಳಿ ಕಳಿಸಿದರು. ಬಸ್ಸಿನಿಂದ ಇಳಿದದ್ದು ಇಬ್ಬರು. ಮುಂದೆ ಅವನು, ನಾಲ್ಕು ಮಾರು ಹಿಂದೆ ಅವಳು.

ಗುತ್ಯಪ್ಪ ಬೇಸಿನ್ನನ್ನು ಒಂದು ಸಿಬಿರೂ ಏಳದಂತೆ ಬಿಚ್ಚಿ, ಹುಲ್ಲು ಸುತ್ತಿ ಹುರಿಯಲ್ಲಿ ಕಟ್ಟಿದ. ಕೊಳವೆಯ ಬಾಯಿಗೆ ಬೆಣೆ ಬಡಿದ. ಇವರು ಗಾಡಿ ಗೊತ್ತುಮಾಡಲು ಹೋಗಿದ್ದರು, ಅತ್ತೆ ಅದಾಗಲೇ ಶಿಕಾರಿಪುರಕ್ಕೆ ಹೊರಟುಹೋಗಿದ್ದರು. ತಾಯಮ್ಮ ಹಿತ್ತಲಲ್ಲಿ ನೀಲಳ ಜೊತೆ ಕೂತಿದ್ದಳು. ನಾನು ಬಚ್ಚಲ ಬಾಗಿಲಿಗೆ ಹೋಗಿ ಮೆಲ್ಲಗೆ ಹೇಳಿದೆ: "ನಾಳೆ ಇಲ್ಲಿಗೆ ಯಾರು ಬರುತ್ತಾರೋ ಏನೋ. ನಿಮ್ಮನ್ನು ಒಳಗೆ ಬಿಡುತ್ತಾರೋ ಇಲ್ಲವೋ. ಅದನ್ನು ತೆಗೆದುಕೊಂಡು ಹೋಗು ಗುತ್ಯಪ್ಪ."

ಅವನು ತೇಪೆಯ ಮೇಲೆ ಒಮ್ಮೆ ಬೆರಳಾಡಿಸಿದ. ಆಮೇಲೆ ಉಳಿ ತೆಗೆದುಕೊಂಡು, ಸದ್ದಾಗದಂತೆ, ತೇಪೆಯ ಅಂಚನ್ನು ಕೆರೆದು ಕಲ್ಲಿನ ಚಕ್ಕೆ ಎಬ್ಬಿಸಿದ. ಒಳಗೆ ಕೈ ಹಾಕಿದ. ಕೈ ಮೊಣಕೈವರೆಗೂ ಹೋಯಿತು. ಹೊರಗೆ ಬಂದಾಗ ಅವನ ಮುಷ್ಟಿಯಲ್ಲಿ ಕೆಂಪು ಮಣ್ಣಿನ ಪುಡಿ. ಗೆದ್ದಲು. ಗೋಡೆಯ ಜಂಬಿಟ್ಟಿಗೆಯ ಸಂದಿಯಿಂದ ಬಂದು, ದಬ್ಬೆಯನ್ನು ಪೂರ್ತಿ ತಿಂದು, ತಿಂದಲ್ಲೇ ಮಣ್ಣು ಮೆತ್ತಿ ಹೋಗಿದ್ದವು. ಅವನು ಪುಡಿಯನ್ನು ಬೆರಳಲ್ಲಿ ಹರಡಿ ನೋಡಿದ. ಒಂದು ಸಿಬಿರೂ ಉಳಿದಿರಲಿಲ್ಲ.

"ಐತಾ?"

ತಾಯಮ್ಮನ ದನಿ. ಅವಳು ನೀಲಳ ಕೈ ಹಿಡಿದು ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಒಳಗೆ ಬರಲಿಲ್ಲ. ಅವಳಿಗೆ ಕಾಣುತ್ತಿದ್ದುದು ಗುತ್ಯಪ್ಪನ ಬೆನ್ನು ಮಾತ್ರ. ಅವಳಿಗೆ ಗೊತ್ತೆಂದು ಅವನಿಗೂ, ಅದು ಅವನಿಗೆ ಗೊತ್ತಾಯಿತೆಂದು ಅವಳಿಗೂ ಆ ಒಂದೇ ಮಾತಿನಲ್ಲಿ ತಿಳಿದುಹೋಯಿತು.

ಗುತ್ಯಪ್ಪ ಪುಡಿಯನ್ನು ತೂತಿನೊಳಕ್ಕೇ ಸುರಿದ.

"ಐತಿ" ಎಂದ.

"ಹೆಂಗೈತಿ?"

"ಇಟ್ಟಂಗೇ ಐತಿ."

"ತಗಂಬರ್ರಿ ಮತ್ತೆ. ಒಯ್ಯಾನ."

ಕಲ್ಲಿನ ಚಕ್ಕೆಯನ್ನು ಮತ್ತೆ ಬಾಯಿಗೆ ಇಡುತ್ತ, "ಬ್ಯಾಡ. ಇಲ್ಲೇ ಇರ್ಲಿ. ಇಲ್ಲಿ ತಂಪೈತಿ ಅವ್ಳಿಗೆ" ಎಂದ. ಅವನ ದನಿ ನಡುಗಲಿಲ್ಲ. ಬೆನ್ನು ನಡುಗಿತು.

ತಾಯಮ್ಮ ನನ್ನ ಕಡೆ ನೋಡಿದಳು. ಹಿಂದೊಮ್ಮೆ ನನ್ನ ಕಣ್ಣು ನೋಡಿಯೇ ನಿಜ ತಿಳಿದವಳು. ನಾನು ಬಗ್ಗಿ ನೀಲಳನ್ನು ಎತ್ತಿಕೊಂಡು ಅವಳ ಕೂದಲಿನ ಸಿಕ್ಕು ಬಿಡಿಸತೊಡಗಿದೆ. ಗೋಡೆಯ ಕಡೆ ನೋಡಲಿಲ್ಲ.

ಗುತ್ಯಪ್ಪ ಗಾರೆ ಬಳಿದು, ನಯ ಮಾಡಿ, ಎದ್ದ. ಕೈಯೆಲ್ಲ ಸುಣ್ಣ, ಕೆಂಪು ಮಣ್ಣು. ತೊಳೆಯಲು ಅಭ್ಯಾಸಬಲದಿಂದ ಬೇಸಿನ್ ಇದ್ದ ಕಡೆ ತಿರುಗಿದ. ಅಲ್ಲಿ ಬೋಳು ಗೋಡೆ. ತಾಯಮ್ಮ ಹಂಡೆಯಿಂದ ಒಂದು ಚೊಂಬು ನೀರು ಮೊಗೆದು ತಂದಳು. "ಹಿಡೀರಿ" ಎಂದಳು. ಅವನು ಎರಡೂ ಕೈ ನೀಡಿದ. ಅವಳು ನಿಧಾನವಾಗಿ ಹುಯ್ದಳು, ಮೊಣಕೈಯಿಂದ ಬೆರಳ ತುದಿಯವರೆಗೆ.